ರಳದ ಎರಡು ಓದು

ಜಪಾನೀ ಭಾಷೆಯನ್ನು ಕಲಿಯಹೊರಟವನಿಗೆ ದೊಡ್ಡ ತೊಡಕು ಕಾಂಜಿ ಎಂಬ ಲಿಪಿಚಿಹ್ನೆಗಳದು. ಚೀನಾದಿಂದ ಬಂದ ಈ ಚಿಹ್ನೆಗಳಲ್ಲಿ ಅನೇಕಕ್ಕೆ ಅರ್ಥ ಒಂದಾದರೂ ಓದು ಎರಡು. ಬೆಟ್ಟವನ್ನು ಸೂಚಿಸುವ ಚಿಹ್ನೆ ಒಂಟಿಯಾಗಿ ನಿಂತರೆ ‘ಯಾಮಾ’. ಫುಜಿ ಪರ್ವತದ ಹೆಸರಿನ ಕೊನೆಯಲ್ಲಿ ಬಂದರೆ ‘ಸಾನ್’. ಮೊದಲನೆಯದು ದೇಶ್ಯ, ಎರಡನೆಯದು ಚೀನೀ ಉಚ್ಚಾರದಿಂದ ಬಂದದ್ದು.

ಬರೆದಂತೆ ಓದುವವರು ನಾವು, ನಮಗೆ ಈ ಕಷ್ಟವಿಲ್ಲ ಎಂದು ಹೆಮ್ಮೆಪಡುತ್ತೇವೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಯಾವ ಹಳ್ಳಿಯಲ್ಲಾದರೂ ಸಂಜೆ ಕಿವಿಗೆ ಬೀಳುವ ‘ಹೊತ್ತು ಮುಳುಗಿತು’ ಎಂಬ ಮಾತನ್ನು ನೋಡಿರಿ. ಹಳಗನ್ನಡದಲ್ಲಿ ಇವು ‘ಪೊೞ್ತು’, ‘ಮುೞುಗು’. ಕಣ್ಮರೆಯಾದ ರಳ, ಅಂದರೆ ೞಕಾರ, ಎರಡೂ ಕಡೆ ಅಡಗಿದೆ. ವ್ಯಂಜನದ ಮುಂದೆ ಅದು ರೇಫವಾಗಿ, ಬಳಿಕ ಆ ವ್ಯಂಜನದಲ್ಲೇ ಕರಗಿತು. ಸ್ವರದ ಮುಂದೆ ಳಕಾರವಾಯಿತು. ‘ಕೞ್ತೆ’ ಕತ್ತೆಯಾದದ್ದೂ, ‘ಮೞೆ’ ಮಳೆಯಾದದ್ದೂ ಹೀಗೆಯೇ.

ನನ್ನ ತರಗತಿಗಳಲ್ಲಿ ಪ್ರತಿವರ್ಷ ಬರುತ್ತಿದ್ದ ಪ್ರಶ್ನೆಯೊಂದಿತ್ತು: ‘ಕೇಳು’ ಎಂಬುದಕ್ಕೆ ‘ಕೇಳಿ’ ಆದರೆ, ‘ಏಳು’, ‘ಬೀಳು’ಗಳಿಗೆ ‘ಎದ್ದು’, ‘ಬಿದ್ದು’ ಏಕೆ? ಕೇಳಿನದು ಮೂಲದಿಂದಲೂ ಳಕಾರ, ಉಳಿದೆರಡರದು ರಳ. ಎೞ್ದು, ಎರ್ದು, ಎದ್ದು ಎಂದು ಕರಿಹಲಗೆಯ ಮೇಲೆ ಬರೆದಾಗ ಹುಡುಗರ ಮುಖ ಅರಳುತ್ತಿತ್ತು. (ಎಲ್ಲ ಧಾತುಗಳೂ ಇಷ್ಟು ವಿಧೇಯವಲ್ಲವೆನ್ನಿ.)

ಅಕ್ಷರದೊಡನೆ ಅರ್ಥಭೇದವೂ ಮಸುಕಾಯಿತು. ಬಾೞ್ ಎಂದರೆ ಜೀವನ, ಬಾಳ್ ಎಂದರೆ ಕತ್ತಿ; ಆೞ್ ಎಂದರೆ ಮುಳುಗು, ಆಳ್ ಎಂದರೆ ಒಡೆತನ ನಡೆಸು. ನಮ್ಮ ಡೋಣಿ ಹೊಳೆಯ ‘ಹೊಳೆ’ ಹಿಂದೆ ‘ಪೊೞೆ’. ಚಿನ್ನ ಹೊಳೆಯುವುದು ‘ಪೊಳೆ’. ಮಲಯಾಳಿಗಳು ಇಂದಿಗೂ ನದಿಯನ್ನು ‘ಪುೞ’ ಎನ್ನುತ್ತಾರೆ. ತಮಿಳರಲ್ಲಿಯೂ ಈ ಧ್ವನಿ ಜೀವಂತ. ಕಳೆದುಕೊಂಡವರು ನಾವು.

ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಈ ಗೊಂದಲ ತಿಳಿದಿತ್ತು. ಆಡುಮಾತಿನಲ್ಲಿ ಭೇದ ಅಳಿದಿದ್ದರೂ ಪದ್ಯದ ಪ್ರಾಸದಲ್ಲಿ ರಳ, ಳಕಾರಗಳು ಬೆರೆಯಬಾರದಿತ್ತು. ಆದುದರಿಂದಲೇ ಅವನು ‘ಶಬ್ದಮಣಿದರ್ಪಣ’ದಲ್ಲಿ ರಳವುಳ್ಳ ಪದಗಳನ್ನು ಎಣಿಸಿ ಹೇಳಬೇಕಾಯಿತು. ಆ ಗ್ರಂಥವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. 1894ರ ತಮ್ಮ ನಿಘಂಟಿನಲ್ಲಿಯೂ ೞಕಾರದ ರೂಪಗಳನ್ನು ಉಳಿಸಿಕೊಂಡರು. ಓಲೆಗರಿಯ ಲಿಪಿಕಾರ ಎಲ್ಲವನ್ನೂ ಳಕಾರವಾಗಿ ಬರೆದಿಟ್ಟ ಕಡೆ, ‘ಬಾಳ್’ ಕತ್ತಿಯೋ ಬದುಕೋ ಎಂಬ ಶಂಕೆ ಬಂದಾಗ, ಸಂಪಾದಕನು ಇಂದಿಗೂ ಪದ್ಯದ ಉಳಿದ ಮೂರು ಪಾದಗಳ ಎರಡನೆಯ ಅಕ್ಷರವನ್ನು ನೋಡುತ್ತಾನೆ.