ಅಂಚೆಯ ಗೌಪ್ಯವೂ ೧೮೪೪ರ ವಾಗ್ವಾದವೂ

ಚಾರರೇ ಅರಸನ ಕಣ್ಣು ಎಂಬುದು ಭರತಖಂಡದಲ್ಲಿ ಬಹು ಹಳೆಯ ಮಾತು. ಕನ್ನಡನಾಡಿನ ಅಂಚೆಯ ಹುಟ್ಟನ್ನು ವಿಚಾರಿಸಿದಾಗಲೂ ಈ ಮಾತು ನೆನಪಿಗೆ ಬಾರದಿರದು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಕ್ರಮವಾದ ಅಂಚೆಯನ್ನು ಏರ್ಪಡಿಸಿದಾಗ ಕಾಗದಗಳನ್ನು ಊರಿಂದೂರಿಗೆ ಮುಟ್ಟಿಸುವುದಷ್ಟೇ ಅಂಚೆಯವರ ಕೆಲಸವಾಗಿರಲಿಲ್ಲ. ತಮ್ಮ ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಅರಮನೆಗೆ ಅರಿಕೆಮಾಡುವ ಹೊಣೆಯೂ ಅವರ ಮೇಲಿದ್ದಿತು. ಸುದ್ದಿಯನ್ನು ಸಾಗಿಸುವ ಸಾಧನವೇ ಸುದ್ದಿಯನ್ನು ಸಂಪಾದಿಸುವ ಸಾಧನವೂ ಆಗಿದ್ದುದನ್ನು ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ಗುರುತಿಸಿರುವನು. ಅರಸನ ಅಂಚೆಯು ಅರಸನಿಗಾಗಿಯೇ ಇದ್ದಷ್ಟು ಕಾಲ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಪ್ರಜೆಯ ಕಾಗದವನ್ನು ಪ್ರಜೆಯ ಕಾಸಿಗೆ ಸಾಗಿಸಿಕೊಡುವೆನೆಂದು ಸರ್ಕಾರವು ಮಾತುಕೊಟ್ಟ ಮೇಲೆ ಮಾತ್ರ ಪ್ರಶ್ನೆಯ ಸ್ವರೂಪವೇ ಬೇರೆಯಾಗುವುದು. ಆ ಪ್ರಶ್ನೆಯು ಬಹಿರಂಗವಾಗಿ, ರಾಜ್ಯದ ಮಹಾಸಭೆಯಲ್ಲಿಯೇ, ಬಿಸಿಬಿಸಿಯಾಗಿ ಚರ್ಚಿಸಲ್ಪಟ್ಟುದು ೧೮೪೪ನೆಯ ಇಸವಿಯ ಬೇಸಗೆಯಲ್ಲಿ, ಇಂಗ್ಲೆಂಡಿನಲ್ಲಿ.

ಇಂಗ್ಲೆಂಡಿನವರು ಮೈಸೂರಿನವರಿಗಿಂತ ಸಾಧುಗಳಾಗಿದ್ದರೆಂದು ತಿಳಿಯಬಾರದು. ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ, ೧೬೫೭ರಲ್ಲಿ, ಅಂಚೆಯ ಶಾಸನವೊಂದನ್ನು ಮಾಡಿದಾಗ, ರಾಜ್ಯಕ್ಕೆ ವಿರುದ್ಧವಾದ ಒಳಸಂಚುಗಳನ್ನು ಕಂಡುಹಿಡಿಯುವುದಕ್ಕೆ ಅಂಚೆಯು ಒಳ್ಳೆಯ ಉಪಾಯವೆಂದು ಅದರ ಪೀಠಿಕೆಯಲ್ಲಿಯೇ ಹೇಳಿದ್ದರು. ಆನ್ ರಾಣಿಯ ಕಾಲದ ೧೭೧೧ರ ಶಾಸನವು ಕಾಗದಗಳನ್ನು ಒಡೆಯಕೂಡದೆಂದು ವಿಧಿಸಿ, ಮಂತ್ರಿಯ ಲಿಖಿತವಾದ ಅಪ್ಪಣೆಯಿದ್ದರೆ ಒಡೆಯಬಹುದೆಂದು ಅದೇ ಉಸಿರಿನಲ್ಲಿ ವಿನಾಯಿತಿಯನ್ನಿತ್ತಿತು. ಲಂಡನ್ನಿನ ಅಂಚೆಮನೆಯೊಳಗೆ ವಿದೇಶದ ಕಾಗದಗಳಿಗಾಗಿ ಒಂದು ರಹಸ್ಯ ಕಚೇರಿಯೂ, ಗೂಢಲಿಪಿಗಳನ್ನು ಬಿಡಿಸುವ ಒಂದು ಶಾಖೆಯೂ ಒಂದು ಶತಮಾನಕ್ಕೂ ಮೀರಿ ನಡೆಯುತ್ತಿದ್ದುವು. ಬಲ್ಲವರು ಬಲ್ಲರು; ಉಳಿದವರು ಕೇಳಲಿಲ್ಲ.

ಕೇಳುವಂತೆ ಮಾಡಿದುದು ಒಂದು ಪೆನ್ನಿಯ ಅಂಚೆ. ಅದಕ್ಕೆ ಮೊದಲು ಅಂಚೆಯ ಕೂಲಿಯನ್ನು ಸಾಮಾನ್ಯವಾಗಿ ಕಾಗದವನ್ನು ಪಡೆಯುವವನೇ ತೆರಬೇಕಾಗಿದ್ದಿತು. ದೂರ ಹೆಚ್ಚಿದಂತೆ ಕೂಲಿಯೂ ಹೆಚ್ಚುತ್ತಿತ್ತು. ಬಡವನ ಮನೆಗೆ ಕಾಗದ ಬಂದಿತೆಂದರೆ ಸಂತೋಷಕ್ಕಿಂತ ಮುಂಚೆ ಸಂಕಟ. ರೋಲೆಂಡ್ ಹಿಲ್ಲನು ೧೮೩೭ರಲ್ಲಿ ಬರೆದ ಪುಸ್ತಿಕೆಯಲ್ಲಿ, ರಾಜ್ಯದ ಯಾವ ಮೂಲೆಗಾದರೂ ಒಂದೇ ದರವಿರಲಿ, ಕಳುಹಿಸುವವನೇ ಮುಂಗಡವಾಗಿ ತೆರಲಿ ಎಂದು ವಾದಿಸಿದನು. ೧೮೪೦ನೆಯ ಇಸವಿ ಜನವರಿ ೧೦ರಿಂದ ಅರ್ಧ ಔನ್ಸು ತೂಕದ ಕಾಗದಕ್ಕೆ ಒಂದು ಪೆನ್ನಿಯ ದರವು ಜಾರಿಗೆ ಬಂದಿತು. ಮೇ ತಿಂಗಳಲ್ಲಿ ಅಂಟಿಸುವ ಸ್ಟಾಂಪು ಬಂದಿತು. ೧೮೩೯ರಲ್ಲಿ ಸುಮಾರು ೭ ಕೋಟಿ ೬೦ ಲಕ್ಷವಾಗಿದ್ದ ಕಾಗದಗಳು ಮಾರನೆಯ ವರ್ಷವೇ ಸುಮಾರು ೧೬ ಕೋಟಿ ೯೦ ಲಕ್ಷಕ್ಕೆ ಏರಿದುವು. ಅಂಚೆಯು ವ್ಯಾಪಾರಿಗಳ ಮತ್ತು ಕುಲೀನರ ಸೊತ್ತಾಗಿದ್ದುದು ಹೋಗಿ, ದರ್ಜಿಯೂ ದಾದಿಯೂ ಕೂಡ ಅದನ್ನು ತಮ್ಮದೆಂದು ಎಣಿಸತೊಡಗಿದರು. ನಾಲ್ಕು ವರ್ಷಗಳ ತರುವಾಯ ಎದ್ದ ಗದ್ದಲಕ್ಕೆ ಬೇರೆ ಕಾರಣಗಳಿದ್ದುವೆಂಬುದು ನಿಜವಾದರೂ, ಅದು ಮನೆಮನೆಯ ಗದ್ದಲವಾದುದು ಇದರಿಂದಲೇ.

ಜೋಸೆಫ್ ಮ್ಯಾಝಿನಿಯ ಹೆಸರು ಈ ದೇಶದ ಓದುಗರಿಗೆ ಹೊಸತಲ್ಲ. ಸುರೇಂದ್ರನಾಥ ಬ್ಯಾನರ್ಜಿಯವರು ಬಂಗಾಳದ ತರುಣರ ಮುಂದೆ ಆತನ ವಿಷಯವಾಗಿ ಉಪನ್ಯಾಸಗಳನ್ನು ಮಾಡಿದ್ದರು; ೧೯೦೭ರಲ್ಲಿ ಸಾವರಕರರ ಮರಾಠಿ ಅನುವಾದವು ಹೊರಬಿದ್ದು, ಬಹುಬೇಗ ಸರ್ಕಾರದ ನಿಷೇಧಕ್ಕೆ ಗುರಿಯಾಯಿತು. ಜಿನೋವಾದಲ್ಲಿ ೧೮೦೫ರಲ್ಲಿ ಹುಟ್ಟಿದ ಈತನು ೧೮೩೧ರಲ್ಲಿ ‘ತರುಣ ಇಟಲಿ’ ಎಂಬ ಸಂಘವನ್ನು ಸ್ಥಾಪಿಸಿ, ದೇಶಭ್ರಷ್ಟನಾಗಿ ಅಲೆದು, ೧೮೩೭ರ ಆರಂಭದಲ್ಲಿ ಲಂಡನ್ನಿಗೆ ಬಂದು ಸೇರಿದನು. ಅಲ್ಲಿ ಬೀದಿಬೀದಿ ತಿರುಗಿ ವಾದ್ಯ ನುಡಿಸಿ ಹೊಟ್ಟೆಹೊರೆಯುತ್ತಿದ್ದ ಇಟಲಿಯ ಬಡ ಹುಡುಗರಿಗಾಗಿ ೧೮೪೧ರಲ್ಲಿ ಒಂದು ಧರ್ಮಶಾಲೆಯನ್ನು ತೆರೆದು, ರಾತ್ರಿಯ ಹೊತ್ತು ತಾನೇ ಪಾಠ ಹೇಳುತ್ತಿದ್ದನು. ಉಳಿದ ವೇಳೆಯೆಲ್ಲವೂ ಕಾಗದ ಬರೆಯುವುದರಲ್ಲಿಯೇ ಕಳೆಯುತ್ತಿತ್ತು. ಸೈನ್ಯವಿಲ್ಲದ, ಹಣವಿಲ್ಲದ ಆತನಿಗೆ ಕಾಗದವೇ ಆಯುಧ.

೧೮೪೪ರ ವಸಂತದಲ್ಲಿ ಆತನಿಗೆ ಸಂಶಯ ಹುಟ್ಟಿತು. ಬರತಕ್ಕ ಹೊತ್ತಿಗೆ ಕಾಗದಗಳು ಬರುತ್ತಿರಲಿಲ್ಲ. ಲಕೋಟೆಯ ಮೇಲೆ ವೇಳೆಯನ್ನು ತೋರಿಸುವ ಅಂಚೆಯ ಮುದ್ರೆಯೊಂದಿದ್ದರೆ, ಅದನ್ನು ಮುಚ್ಚುವಂತೆ ಅದರ ಮೇಲೆಯೇ ಇನ್ನೊಂದು ಮುದ್ರೆ ಬಿದ್ದಿರುತ್ತಿತ್ತು. ಆತನು ದೂರು ಕೊಡಲಿಲ್ಲ, ಪರೀಕ್ಷೆಗೆ ತೊಡಗಿದನು. ಸ್ನೇಹಿತರಿಂದ ತನ್ನ ಹೆಸರಿಗೇ ಕಾಗದಗಳನ್ನು ಹಾಕಿಸಿ, ಅವುಗಳ ಮಡಿಕೆಯಲ್ಲಿ ಗಸಗಸೆಯ ಕಾಳು, ಮರಳಿನ ಕಣ, ತಲೆಗೂದಲಿನ ಎಳೆ ಮೊದಲಾದುವನ್ನು ಇರಿಸಿದನು. ಕಾಗದಗಳು ಬಂದು ಮುಟ್ಟಿದುವು, ಅರಗು ಕದಲಿರಲಿಲ್ಲ. ಒಳಗಿನ ಕಾಳುಗಳು ಮಾತ್ರ ಇರಲಿಲ್ಲ. ನೂರು ವರ್ಷದ ಅನುಭವವುಳ್ಳ ಕಚೇರಿಯೊಂದರ ಕೈಚಳಕವನ್ನು ಒಂದು ಚಿಟಿಕೆ ಗಸಗಸೆಯು ಬಯಲಿಗೆಳೆಯಿತು.

ಜೂನ್ ೧೪ರಂದು ಪಾರ್ಲಿಮೆಂಟಿನ ಸಾಮಾನ್ಯಸಭೆಯಲ್ಲಿ ಫಿನ್ಸ್‌ಬರಿಯ ಪ್ರತಿನಿಧಿಯಾದ ಥಾಮಸ್ ಡಂಕಂಬನು ನಾಲ್ವರ ಬಿನ್ನಹಪತ್ರವನ್ನು ಮಂಡಿಸಿದನು. ಮ್ಯಾಝಿನಿಯೊಡನೆ ರುಜುಮಾಡಿದವರಲ್ಲಿ ಕಾರ್ಮಿಕರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ವಿಲಿಯಂ ಲವೆಟ್ಟನೂ ಇದ್ದನು. ಗೃಹಮಂತ್ರಿಯಾದ ಸರ್ ಜೇಮ್ಸ್ ಗ್ರಹಾಮನು ಎದ್ದುನಿಂತು, ಬಿನ್ನಹದಾರರಲ್ಲಿ ಒಬ್ಬನ ವಿಷಯವಾಗಿ ತಾನು ಅಪ್ಪಣೆಯನ್ನು ಕೊಟ್ಟಿದ್ದುದು ನಿಜವೆಂದೂ, ಅದು ಈಗ ಜಾರಿಯಲ್ಲಿಲ್ಲವೆಂದೂ, ಶಾಸನವೇ ತನಗೆ ಆ ಅಧಿಕಾರವನ್ನು ಕೊಟ್ಟಿದೆಯೆಂದೂ ಹೇಳಿ, ಆ ಒಬ್ಬನು ಯಾರೆಂಬುದನ್ನು ಹೇಳದೆ ಕುಳಿತನು. ಆ ಮೌನವೇ ಆತನಿಗೆ ಮುಳುವಾಯಿತು. ಮುಂದೆ ತಿಳಿದುಬಂದಂತೆ, ಮ್ಯಾಝಿನಿಯ ಕಾಗದಗಳ ಬಗೆಗಿನ ಅಪ್ಪಣೆಯು ಮಾರ್ಚ್ ೧ರಿಂದ ಜೂನ್ ೩ರವರೆಗೆ ನಡೆದಿತ್ತು. ಅವುಗಳಿಂದ ತಿಳಿದ ವೃತ್ತಾಂತವನ್ನು, ಹೆಸರುಗಳನ್ನು ಮಾತ್ರ ಬಿಟ್ಟು, ವಿದೇಶಾಂಗ ಮಂತ್ರಿಯಾದ ಅಬರ್ಡೀನ್ ಪ್ರಭುವು ಆಸ್ಟ್ರಿಯಾ ಸರ್ಕಾರಕ್ಕೆ ಒದಗಿಸಿದ್ದನು.

ಊರಿಗೆಲ್ಲ ಒಂದೇ ಮಾತಾಯಿತು. ಮ್ಯಾಝಿನಿಯನ್ನು ಹತ್ತಿರದಿಂದ ಬಲ್ಲ ಥಾಮಸ್ ಕಾರ್ಲೈಲನು ‘ಟೈಮ್ಸ್’ ಪತ್ರಿಕೆಗೆ ಬರೆದು, ಆತನ ಸತ್ಯಸಂಧತೆಗೆ ತಾನು ಸಾಕ್ಷಿಯೆಂದನು. ಮುದ್ರೆಯಿಟ್ಟ ಕಾಗದವನ್ನು ಒಡೆಯುವುದು ಜೇಬುಗಳ್ಳತನದ ಜಾತಿಗೇ ಸೇರಿದ್ದೆಂದನು. ‘ಪಂಚ್’ ಪತ್ರಿಕೆಯು ಗ್ರಹಾಮನನ್ನು ಹಣಿಕಿನೋಡುವ ಸ್ವಭಾವದ ನಾಟಕದ ಪಾತ್ರವಾಗಿ ಚಿತ್ರಿಸಿತು. ಲಕೋಟೆಗೆ ಅಂಟಿಸುವ ಬಿಲ್ಲೆಗಳ ಮೇಲೆ ಗ್ರಹಾಮನನ್ನು ಚುಚ್ಚುವ ಮಾತುಗಳನ್ನು ಅಚ್ಚುಹಾಕಿದರು. ಕಾಗದವನ್ನು ಕದ್ದು ಓದುವುದಕ್ಕೆ ಆತನ ಹೆಸರೇ ಕ್ರಿಯಾಪದವಾಯಿತು. ಆಡಳಿತದಲ್ಲಿ ದಕ್ಷನೆಂದು ಹೆಸರಾಗಿದ್ದ ಮಂತ್ರಿಗೆ ಒದಗಿದ ದುರ್ದೈವವಿದು.

ಸಭೆಯಲ್ಲಿ ನಡೆದ ವಾದವು ಮಾತ್ರ ಪರಿಹಾಸಕ್ಕಿಂತ ಗಂಭೀರವಾಗಿತ್ತು. ಸರ್ಕಾರದ ಪಕ್ಷದಲ್ಲಿ ಹುರುಳಿರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಶಾಸನವಿದ್ದುದು ನಿಜ, ಅದನ್ನು ಹಿಂದಿನ ಪಕ್ಷದ ಮಂತ್ರಿಗಳೂ ಪ್ರಯೋಗಿಸಿದ್ದುದು ನಿಜ. ಇಂಗ್ಲೆಂಡಿನಲ್ಲಿ ಆಶ್ರಯ ಪಡೆದವನೊಬ್ಬನು ಅಲ್ಲಿಂದಲೇ ಬೇರೊಂದು ದೇಶದಲ್ಲಿ ದಂಗೆಯನ್ನೆಬ್ಬಿಸಲು ಯತ್ನಿಸಿದರೆ ಯೂರೋಪಿನ ಶಾಂತಿಗೆ ಭಂಗ ಬಂದೀತೆಂಬ ಭಯವೂ ಕೇವಲ ಕಲ್ಪನೆಯಾಗಿರಲಿಲ್ಲ. ಇದಿರುಪಕ್ಷದವರ ಬಲವಾದ ಮಾತು ಮತ್ತೊಂದು. ಮನೆಯನ್ನು ಶೋಧಿಸುವಾಗ ಬಾಗಿಲನ್ನು ತಟ್ಟುತ್ತಾರೆ, ಯಜಮಾನನು ನೋಡುತ್ತಾನೆ, ಅನ್ಯಾಯವಾದರೆ ನ್ಯಾಯಾಸ್ಥಾನಕ್ಕೆ ಹೋಗುತ್ತಾನೆ. ಕಾಗದದ ಅರಗನ್ನು ಕರಗಿಸಿ, ನಕಲು ತೆಗೆದು, ಮರಳಿ ಅದೇ ಮುದ್ರೆಯನ್ನೊತ್ತಿ ಕಳುಹಿಸಿದರೆ, ಅನ್ಯಾಯಕ್ಕೊಳಗಾದವನಿಗೆ ಅನ್ಯಾಯವಾಯಿತೆಂಬುದೇ ತಿಳಿಯದು. ತಿಳಿಯದ ಅಧಿಕಾರಕ್ಕೆ ಮೇರೆ ಹಾಕುವವರಾರು? ಮೆಕಾಲೆಯು, ಅಂಚೆಯಲ್ಲಿರುವ ಕಾಗದವನ್ನು ತೆಗೆದುಕೊಳ್ಳುವುದಕ್ಕೂ ಮೇಜಿನ ಪೆಟ್ಟಿಗೆಯಲ್ಲಿರುವ ಕಾಗದವನ್ನು ತೆಗೆದುಕೊಳ್ಳುವುದಕ್ಕೂ ತನಗೆ ಭೇದ ಕಾಣದೆಂದನು. ಒಂಬತ್ತು ವರ್ಷಗಳ ಹಿಂದೆ, ೧೮೩೫ರಲ್ಲಿ, ಮೆಟ್ಕಾಫನು ಭರತಖಂಡದ ಪತ್ರಿಕೆಗಳನ್ನು ಲೈಸೆನ್ಸಿನ ಬಂಧನದಿಂದ ಬಿಡಿಸಿದಾಗ ಆ ಶಾಸನದ ಕರಡನ್ನು ಬರೆದವನು ಇದೇ ಮೆಕಾಲೆ. ಈ ದೇಶದ ವಿದ್ಯೆಯ ವಿಚಾರದಲ್ಲಿ ಆತನಾಡಿದ ಮಾತನ್ನು ಜನ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಈ ಎರಡು ಪ್ರಸಂಗಗಳನ್ನೂ ಆತನ ಲೆಕ್ಕಕ್ಕೆ ಜಮೆಮಾಡುವುದು ಉಚಿತ.

ಅಷ್ಟರಲ್ಲಿ ಇಟಲಿಯಿಂದ ಕೆಟ್ಟ ಸುದ್ದಿ ಬಂದಿತು. ಆಸ್ಟ್ರಿಯಾದ ನೌಕಾಸೇನೆಯನ್ನು ಬಿಟ್ಟು ಬಂದಿದ್ದ ಬಂಡಿಯೆರಾ ಸೋದರರು, ಮ್ಯಾಝಿನಿಯೊಡನೆ ಪತ್ರವ್ಯವಹಾರವಿದ್ದವರು, ಸುಮಾರು ಇಪ್ಪತ್ತು ಮಂದಿಯೊಡನೆ ಜೂನಿನಲ್ಲಿ ಕಲಾಬ್ರಿಯದ ಕರಾವಳಿಯಲ್ಲಿ ಇಳಿದಿದ್ದರು. ಜುಲೈ ೨೫ರಂದು ಕೊಸೆಂಜದ ಬಳಿ ಅವರನ್ನೂ ಅವರ ಏಳು ಮಂದಿ ಸಂಗಡಿಗರನ್ನೂ ಗುಂಡಿಕ್ಕಿ ಕೊಂದರು. ಲಂಡನ್ನಿನ ಅಂಚೆಮನೆಯಲ್ಲಿ ಒಡೆದ ಕಾಗದಗಳೇ ಅವರ ಪ್ರಾಣ ತೆಗೆದುವೆಂದು ಮ್ಯಾಝಿನಿಯ ಕಡೆಯವರು ನಂಬಿದರು. ಚರಿತ್ರಕಾರನು ಇಲ್ಲಿ ಎಚ್ಚರದಿಂದಿರಬೇಕು. ಆ ಗುಂಪಿನೊಳಗಿನವನೇ ಒಬ್ಬನು ಅಧಿಕಾರಿಗಳಿಗೆ ಸುಳಿವು ಕೊಟ್ಟಿದ್ದನು. ಆದರೂ ಕದ್ದು ಓದುವವನ ಮೇಲೆ ಓದದ ಕಾಗದದ ಪಾಪವೂ ಬಂದು ಬೀಳುವುದುಂಟು. ಗ್ರಹಾಮನು ತಾನಾಗಿ ಇನ್ನೊಂದು ತಪ್ಪನ್ನೂ ಮಾಡಿಕೊಂಡನು. ಫ್ರಾನ್ಸಿನಲ್ಲಿ ನಡೆದ ಒಂದು ಕೊಲೆಯಲ್ಲಿ ಮ್ಯಾಝಿನಿಯ ಕೈವಾಡವಿದ್ದಿತೆಂಬ ಹಳೆಯ ಅಪವಾದವನ್ನು ಸಭೆಯಲ್ಲಿ ಎತ್ತಿ ಆಡಿ, ೧೮೪೫ರಲ್ಲಿ ಅದನ್ನು ಸಭೆಯ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಎರಡು ಸಭೆಗಳೂ ಗುಪ್ತ ಸಮಿತಿಗಳನ್ನು ನೇಮಿಸಿದ್ದುವು. ಆಗಸ್ಟಿನಲ್ಲಿ ಅವುಗಳ ವರದಿಗಳು ಹೊರಬಂದುವು. ೧೭೯೯ರಿಂದ ೧೮೪೪ರವರೆಗೆ ಒಟ್ಟು ೩೭೨ ಅಪ್ಪಣೆಗಳು ಕೊಡಲ್ಪಟ್ಟಿದ್ದುವೆಂದು, ಎಂದರೆ ವರ್ಷಕ್ಕೆ ಎಂಟಕ್ಕಿಂತ ತುಸು ಹೆಚ್ಚೆಂದು, ಲೆಕ್ಕ ತಿಳಿಯಿತು. ಜನರು ಊಹಿಸಿದ್ದಕ್ಕಿಂತ ಇದು ಎಷ್ಟೋ ಕಡಮೆ. ಅಂಕಿಯು ಮೊದಲೇ ಬಹಿರಂಗವಾಗಿದ್ದರೆ ಈ ಕೋಲಾಹಲವೇ ಏಳುತ್ತಿರಲಿಲ್ಲವೇನೋ. ರಹಸ್ಯ ಕಚೇರಿಯನ್ನು ಮುಚ್ಚಿದರು. ಗೂಢಲಿಪಿಯ ಶಾಖೆಯನ್ನೂ ತೆಗೆದುಹಾಕಿದರು. ಶಾಸನವನ್ನು ಮಾತ್ರ ಮುಟ್ಟಲಿಲ್ಲ. ಅಧಿಕಾರವು ಇರಲಿ, ಪ್ರಯೋಗವು ವಿರಳವಾಗಲಿ ಎಂಬ ಈ ನಡುದಾರಿಯು ಆಂಗ್ಲೇಯರ ಸ್ವಭಾವಕ್ಕೆ ಒಪ್ಪುವಂಥದೇ ಆದರೂ, ಗಸಗಸೆಯ ಕಾಳು ಎತ್ತಿದ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ಆ ಬಿನ್ನಹಪತ್ರಕ್ಕೆ ಮೂರು ವಾರ ಮುಂಚೆ, ೧೮೪೪ರ ಮೇ ೨೪ರಂದು, ಅಮೆರಿಕದಲ್ಲಿ ಮೋರ್ಸನು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ವಿದ್ಯುತ್ ತಂತಿಯ ಮೂಲಕ ವರ್ತಮಾನವನ್ನು ಕಳುಹಿಸಿದ್ದನು. ತಂತಿಯ ವರ್ತಮಾನಕ್ಕೆ ಅರಗೂ ಇಲ್ಲ, ಲಕೋಟೆಯೂ ಇಲ್ಲ. ಅದು ಗುಮಾಸ್ತನ ಕಣ್ಣಿನಡಿಯಲ್ಲಿಯೇ ಹೋಗತಕ್ಕದ್ದು. ಭರತಖಂಡದಲ್ಲಿ ತಂತಿಯು ಸಾರ್ವಜನಿಕರಿಗೆ ದೊರೆತುದು ೧೮೫೫ರಲ್ಲಿ. ೧೮೮೫ರ ಟೆಲಿಗ್ರಾಫ್ ಶಾಸನದ ಐದನೆಯ ಕಲಮು, ಸಾರ್ವಜನಿಕ ತುರ್ತುಪರಿಸ್ಥಿತಿಯಲ್ಲಾಗಲಿ ಸಾರ್ವಜನಿಕ ಸುರಕ್ಷತೆಗಾಗಿಯಾಗಲಿ ತಂತಿಯ ವರ್ತಮಾನವನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ೧೮೯೮ರ ಅಂಚೆಯ ಶಾಸನವು ಕಾಗದಗಳಿಗೂ ಅದೇ ನಿಯಮವನ್ನು ವಿಧಿಸಿತು. ಸ್ವಾತಂತ್ರ್ಯ ಬಂದ ಮೇಲೂ ಇವೆರಡೂ ಉಳಿದುವು. ದೂರವಾಣಿಯು ಬಂದಾಗ ಅದನ್ನೂ ತಂತಿಯೆಂದೇ ಪರಿಗಣಿಸಿ ಐದನೆಯ ಕಲಮಿನೊಳಗೆ ಸೇರಿಸಿಕೊಂಡರು.

ಈ ಕಲಮಿನ ನೆರಳು ಕರ್ನಾಟಕದ ಮೇಲೂ ಬಿದ್ದಿತು. ದೂರವಾಣಿಗಳನ್ನು ಕದ್ದಾಲಿಸಿದ ಆರೋಪದಿಂದೆದ್ದ ವಿವಾದದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ೧೯೮೮ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತರು. ಗ್ರಹಾಮನು ಅಧಿಕಾರದಲ್ಲಿ ಉಳಿದನು, ಹೆಗಡೆಯವರು ಉಳಿಯಲಿಲ್ಲ. ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕದ್ದಾಲಿಕೆಗೆ ಮೊತ್ತಮೊದಲು ಕಟ್ಟಳೆಗಳನ್ನು ಹಾಕಿತು: ಗೃಹ ಕಾರ್ಯದರ್ಶಿಯ ಅಪ್ಪಣೆಯಿರಬೇಕು, ಅಪ್ಪಣೆಯು ಎರಡು ತಿಂಗಳಿಗೆ ಮುಗಿಯಬೇಕು, ಮುಂದುವರಿಸಿದರೂ ಆರು ತಿಂಗಳನ್ನು ಮೀರಬಾರದು, ಪುನರ್ವಿಮರ್ಶೆಗೆ ಸಮಿತಿಯಿರಬೇಕು. ಆದರೂ ಪರೀಕ್ಷಿಸುವ ಸಮಿತಿಯು ಸರ್ಕಾರದ ಅಧಿಕಾರಿಗಳದೇ. ಕದ್ದಾಲಿಕೆಗೆ ಗುರಿಯಾದವನಿಗೆ ತಿಳಿಸಬೇಕೆಂಬ ಕಟ್ಟಳೆ ಅಲ್ಲಿಯೂ ಇರಲಿಲ್ಲ.

ಪ್ರಜೆಗೆ ಅಂತರಂಗದ ಹಕ್ಕೆಂಬುದೊಂದು ಸಂವಿಧಾನದಲ್ಲಿದೆಯೇ ಎಂಬ ಮೂಲಪ್ರಶ್ನೆಯನ್ನು ತೀರ್ಮಾನಕ್ಕೆ ತಂದುದರಲ್ಲಿ ಕನ್ನಡಿಗರೊಬ್ಬರ ಪಾತ್ರವಿರುವುದು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, ೧೯೧೨ರಲ್ಲಲ್ಲ, ೨೦೧೨ರಲ್ಲಿ, ಎಂದರೆ ಬೆರಳಚ್ಚನ್ನು ಕೂಡ ಯಂತ್ರಕ್ಕೆ ಒಪ್ಪಿಸಬೇಕಾದ ಕಾಲದಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿದರು. ಅಂಥ ಹಕ್ಕೇ ಇಲ್ಲವೆಂದು ಸರ್ಕಾರವು ವಾದಿಸಿತು. ೧೯೫೪ರ ಮತ್ತು ೧೯೬೨ರ ಹಳೆಯ ತೀರ್ಪುಗಳು ಅದರ ಕೈಯಲ್ಲಿದ್ದುವು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ ಆ ಹಕ್ಕು ಇದೆಯೆಂದು ಸಾರಿದರು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು.

೧೮೮೫ರ ಟೆಲಿಗ್ರಾಫ್ ಶಾಸನಕ್ಕೂ ೧೮೯೮ರ ಅಂಚೆಯ ಶಾಸನಕ್ಕೂ ಬದಲಾಗಿ ೨೦೨೩ರಲ್ಲಿ ಸಂಸತ್ತು ಎರಡು ಹೊಸ ಶಾಸನಗಳನ್ನು ಅಂಗೀಕರಿಸಿತು. ತಡೆಹಿಡಿಯುವ ಅಧಿಕಾರಕ್ಕೆ ಸಂಬಂಧಪಟ್ಟ ಅವುಗಳ ಕಲಮುಗಳು ೨೦೨೪ರ ಜೂನಿನಲ್ಲಿ ಜಾರಿಗೆ ಬಂದುವು. ಅಂಚೆಯ ಶಾಸನದಲ್ಲಿ ಆ ಅಧಿಕಾರವು ಒಂಬತ್ತನೆಯ ಕಲಮಿನಲ್ಲಿದೆ. ದೂರಸಂಪರ್ಕ ಶಾಸನದಲ್ಲಿ ಇಪ್ಪತ್ತನೆಯ ಕಲಮಿನಲ್ಲಿದ್ದು, ಸಾರ್ವಜನಿಕ ತುರ್ತುಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ ಎಂಬ ೧೮೮೫ರ ಪದಗಳನ್ನೇ ಅಲ್ಲಿ ಉಳಿಸಿಕೊಂಡಿರುವರು.