ಪ್ರತಿಯಿಂದ ಪ್ರತಿಗೆ: ಅಂಚಿನ ಟಿಪ್ಪಣಿಗಳ ವೃತ್ತಾಂತ

ಬ್ರಹ್ಮಾವರಕ್ಕೆ ಅಜಪುರವೆಂಬುದು ಹಳೆಯ ಹೆಸರು. ಆ ಅಜಪುರದ ವಿಷ್ಣುವೆಂಬ ಕವಿಯ ವಿರಾಟಪರ್ವವೆಂಬ ಯಕ್ಷಗಾನ ಪ್ರಸಂಗವು ಅಲ್ಲಿಯೇ ದೊರೆತ ಓಲೆಗರಿಯ ಪ್ರತಿಯಿಂದ ಬೆಳಕಿಗೆ ಬಂದಿತು. ಯಕ್ಷಗಾನದ ಪ್ರಾಚೀನತೆಯನ್ನು ಕುರಿತು ಬರೆಯುವವರೆಲ್ಲರೂ ಅದನ್ನೂ, 1621ನೆಯ ಇಸವಿಯದೆನ್ನಲಾದ ಸಭಾಲಕ್ಷಣದ ಓಲೆಯನ್ನೂ ಮುಖ್ಯ ಆಧಾರಗಳಾಗಿ ಎತ್ತಿಕೊಳ್ಳುವುದು ರೂಢಿಯಾಗಿದೆ. ಆದರೆ ಇಂತಹ ಪ್ರತಿಗಳನ್ನು ಕೈಯಲ್ಲಿ ಹಿಡಿದ ವಿದ್ವಾಂಸರ ದೃಷ್ಟಿಯು ಗರಿಯ ನಡುವಣ ಪದ್ಯದ ಮೇಲೆ ನೆಟ್ಟಷ್ಟು ಅದರ ಅಂಚಿನ ಮೇಲೆ ನೆಡಲಿಲ್ಲ. ಕವಿಯ ತರುವಾಯ ಆ ಪ್ರತಿಯನ್ನು ಓದಿದವನು, ಹಾಡಿದವನು, ತಿದ್ದಿದವನು, ಸಂಶಯಪಟ್ಟವನು ತನ್ನ ಮಾತನ್ನು ಬರೆದಿಡುತ್ತಿದ್ದುದು ಆ ಅಂಚಿನಲ್ಲಿಯೇ. ಪ್ರತಿಯಿಂದ ಪ್ರತಿಗೆ ಮೂಲವು ಸಾಗಿಬಂದ ಕಥೆಯನ್ನು ಬಲ್ಲವರು ಅನೇಕರಿದ್ದಾರೆ. ಅದರೊಡನೆ ಹೊರಟ ಟಿಪ್ಪಣಿಗಳಲ್ಲಿ ಯಾವುವು ದಡ ಮುಟ್ಟಿದುವು, ಯಾವುವು ದಾರಿಯಲ್ಲಿ ಕಳೆದುಹೋದುವು ಎಂಬುದನ್ನು ವಿಚಾರಿಸಿದವರು ವಿರಳ.

ಸುವರ್ಣಾ ಸೀತಾ ನದಿಗಳಿಂದ ಮೊದಲ್ಗೊಂಡು ಕುಂದಾಪುರದ ಪಂಚಗಂಗಾವಳಿಯನ್ನು ದಾಟಿ ಬೈಂದೂರಿನವರೆಗೆ ಹಬ್ಬಿದ ಈ ಕರಾವಳಿಯ ನೆಲದಲ್ಲಿ ಬರೆಹವು ಬಹುಕಾಲ ಬಾಳುವುದೇ ಕಷ್ಟ. ಮಳೆಗಾಲದ ತಂಪಿಗೆ ಬೂಸ್ಟು, ಬೇಸಗೆಯ ಒಣಹವೆಗೆ ಬಿರುಕು, ಯಾವ ಕಾಲಕ್ಕೂ ತಪ್ಪದ ಗೆದ್ದಲು. ಇವುಗಳ ಕಾರಣದಿಂದ ಕೆಲವು ತಲೆಮಾರುಗಳಿಗೊಮ್ಮೆ ಹಳೆಯ ಕಟ್ಟನ್ನು ಬಿಚ್ಚಿ ಹೊಸ ಗರಿಗಳ ಮೇಲೆ ಪ್ರತಿ ಮಾಡಿಕೊಳ್ಳುವುದು ಅನಿವಾರ್ಯವಾಗಿದ್ದಿತು. ಮಳೆಗಾಲದಲ್ಲಿ ಮೇಳಗಳಿಗೆ ತಿರುಗಾಟವಿಲ್ಲದ ಕಾರಣ ಭಾಗವತರಿಗೆ ಈ ಕೆಲಸಕ್ಕೆ ಬಿಡುವೂ ಒದಗುತ್ತಿದ್ದಿತು. ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರಿದ ಅಕ್ಷರವು ಮಸಿ ತೀಡಿದ ಮೇಲೆ ಎದ್ದು ಕಾಣುವುದೇ ಹೊರತು ಅಳಿಸಿದರೆ ಅಳಿಯುವುದಲ್ಲ. ಆದುದರಿಂದ ತಪ್ಪು ಬರೆದ ಲಿಪಿಕಾರನಿಗೆ ಉಳಿದ ಮಾರ್ಗವೆಂದರೆ ಅದನ್ನು ಹೊಡೆದುಹಾಕುವುದು, ಇಲ್ಲವೆ ಬಿಟ್ಟುಹೋದ ಅಕ್ಷರದ ಎಡೆಯಲ್ಲಿ ಹಂಸಪಾದವನ್ನಿಟ್ಟು ಆ ಅಕ್ಷರವನ್ನು ಅಂಚಿನಲ್ಲಿ ತುಂಬುವುದು. ಓಲೆಗರಿಯ ಅಗಲ ಕೆಲವೇ ಅಂಗುಲ. ದಾರದ ರಂಧ್ರದ ಸುತ್ತಲಿನ ಬಯಲನ್ನೂ ಎಡಬಲಗಳ ಅಂಚನ್ನೂ ಬಿಟ್ಟರೆ ಬೇರೆ ಜಾಗವಿಲ್ಲ. ಆ ಇಕ್ಕಟ್ಟಿನಲ್ಲಿಯೇ ತಿದ್ದುಪಡಿಯೂ, ಅರ್ಥವೂ, ಆಕ್ಷೇಪವೂ ಒಂದರ ಪಕ್ಕದಲ್ಲೊಂದು ಕುಳಿತಿರುತ್ತಿದ್ದುವು.

ಪೇಚು ಹುಟ್ಟುವುದು ಇಲ್ಲಿಯೇ. ಮುಂದಿನ ತಲೆಮಾರಿನ ಲಿಪಿಕಾರನು ಆ ಗರಿಯನ್ನು ಮುಂದಿಟ್ಟುಕೊಂಡು ಕುಳಿತಾಗ ಅಂಚಿನಲ್ಲಿರುವುದು ಮೂಲದಿಂದ ಬಿಟ್ಟುಹೋದ ಪದವೋ, ಇಲ್ಲವೆ ಯಾವನೋ ಓದುಗನು ತನ್ನ ಅನುಕೂಲಕ್ಕಾಗಿ ಬರೆದುಕೊಂಡ ಅರ್ಥವೋ ಎಂಬುದನ್ನು ಅವನೇ ನಿರ್ಣಯಿಸಬೇಕು. ಮೊದಲನೆಯದನ್ನು ಎರಡನೆಯದೆಂದು ಬಗೆದರೆ ಮೂಲಕ್ಕೆ ಲೋಪ. ಎರಡನೆಯದನ್ನು ಮೊದಲನೆಯದೆಂದು ಬಗೆದರೆ ಮೂಲದೊಳಗೆ ಪ್ರಕ್ಷೇಪ. ಹೀಗೆ ಒಳಹೊಕ್ಕ ಮಾತು ಎರಡು ಪ್ರತಿಗಳಾಚೆಗೆ ಕವಿಯ ಮಾತೇ ಆಗಿಬಿಡುತ್ತಿದ್ದಿತು. ಹದಿಮೂರನೆಯ ಶತಮಾನದಲ್ಲಿಯೇ ಶ್ರೀಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೆಯ ಅಧ್ಯಾಯದಲ್ಲಿ, ಭಾರತದ ಪ್ರತಿಗಳಲ್ಲಿ ಜನರು ಕೆಲವೆಡೆ ಹೊಸದನ್ನು ಸೇರಿಸಿದ್ದಾರೆ, ಕೆಲವೆಡೆ ಇದ್ದುದನ್ನು ಬಿಟ್ಟಿದ್ದಾರೆ, ಕೆಲವೆಡೆ ಹಿಂದುಮುಂದು ಮಾಡಿದ್ದಾರೆ ಎಂದು ಸ್ಪಷ್ಟವಾಗಿ ದೂರಿರುವರು. ಪ್ರತಿಗಳ ಸ್ವಭಾವವನ್ನು ಇಷ್ಟು ಚೊಕ್ಕವಾಗಿ ವಿಂಗಡಿಸಿ ಹೇಳಿದ ಮಾತು ನಮ್ಮ ಕರಾವಳಿಯಿಂದಲೇ ಹೊರಟಿತೆಂಬುದು ಗಮನಾರ್ಹ. ಲಿಪಿಕಾರರಾದರೋ, ಕಂಡುದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ದೂಷಿಸಬೇಡಿರಿ ಎಂಬ ಅರ್ಥದ ರೂಢಿಯ ಶ್ಲೋಕವೊಂದನ್ನು ಕೊನೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ನನಗೆ ಆ ಶ್ಲೋಕದಲ್ಲಿ ವಿನಯಕ್ಕಿಂತ ಜಾಣತನವೇ ಹೆಚ್ಚಾಗಿ ಕಂಡಿದೆ.

ಆದರೆ ಶಾಸ್ತ್ರಗ್ರಂಥಗಳ ವ್ಯಾಖ್ಯಾನಕಾರರು ಈ ತೊಡಕಿಗೆ ಬಹು ಹಿಂದೆಯೇ ಪರಿಹಾರವನ್ನು ಕಂಡುಕೊಂಡಿದ್ದರು. ಕುಂಭಾಶಿಯ ಸಮೀಪದ ಹೂವಿನಕೆರೆಯಲ್ಲಿ ಜನಿಸಿದ ಶ್ರೀವಾದಿರಾಜತೀರ್ಥರನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಬಾದರಾಯಣರ ಬ್ರಹ್ಮಸೂತ್ರಗಳಿಗೆ ಮಧ್ವಾಚಾರ್ಯರ ಅನುವ್ಯಾಖ್ಯಾನ, ಅದಕ್ಕೆ ಜಯತೀರ್ಥರ ನ್ಯಾಯಸುಧಾ, ಅದಕ್ಕೆ ವಾದಿರಾಜರ ಗುರ್ವರ್ಥದೀಪಿಕಾ ಎಂಬ ಟಿಪ್ಪಣಿ: ಹೀಗೆ ಮಾತಿನ ಮೇಲೆ ಮಾತು ನಾಲ್ಕು ಪದರಗಳಾಗಿ ಏರಿದ್ದರೂ, ಶತಮಾನಗಳ ಕಾಲ ಬೇರೆ ಬೇರೆ ಮಠಗಳಲ್ಲಿ, ಬೇರೆ ಬೇರೆ ಅಳತೆಯ ಗರಿಗಳ ಮೇಲೆ, ತುಳುಲಿಪಿಯಲ್ಲಿಯೂ ನಾಗರಿಯಲ್ಲಿಯೂ ಕನ್ನಡದಲ್ಲಿಯೂ ಪ್ರತಿಯಾಗುತ್ತ ಬಂದಿದ್ದರೂ, ಯಾವ ಟಿಪ್ಪಣಿಯು ಯಾವ ವಾಕ್ಯಕ್ಕೆ ಸಂಬಂಧಿಸಿದ್ದೆಂಬ ವಿಷಯದಲ್ಲಿ ಓದುಗನಿಗೆ ತಡವರಿಕೆಯಾಗದು. ಏಕೆಂದರೆ ಟಿಪ್ಪಣಿಕಾರನು ತನ್ನ ಮಾತನ್ನು ಗರಿಯ ಸಂಖ್ಯೆಗಾಗಲಿ ಸಾಲಿನ ಸ್ಥಾನಕ್ಕಾಗಲಿ ಕಟ್ಟಿಹಾಕಲಿಲ್ಲ. ತಾನು ವಿವರಿಸಲಿರುವ ವಾಕ್ಯದ ಮೊದಲ ಒಂದೆರಡು ಪದಗಳನ್ನು ಪ್ರತೀಕವೆಂದು ಎತ್ತಿಕೊಂಡು, 'ಇತಿ' ಎಂದು ನಿಲ್ಲಿಸಿ, ಅನಂತರವೇ ತನ್ನ ವಿವರಣೆಯನ್ನು ತೊಡಗಿದನು. ಗರಿಯ ಅಳತೆ ಬದಲಾಗಲಿ, ಲಿಪಿ ಬದಲಾಗಲಿ, ಟಿಪ್ಪಣಿಯು ಮೂಲದಿಂದ ಬೇರ್ಪಟ್ಟು ಮತ್ತೊಂದು ಕಟ್ಟಿನಲ್ಲಿಯೇ ಇರಲಿ, ಪ್ರತೀಕವಿರುವ ತನಕ ಅದು ತನ್ನ ಎಡೆಯನ್ನು ತಾನೇ ಹುಡುಕಿಕೊಳ್ಳಬಲ್ಲದು.

ಯಕ್ಷಗಾನದ ಪ್ರಸಂಗಪ್ರತಿಗಳಿಗೆ ಈ ಭಾಗ್ಯವಿರಲಿಲ್ಲ. ಪ್ರಸಂಗದ ಪುಸ್ತಕವೆಂದರೆ ಪದ್ಯಗಳ ಪುಸ್ತಕ. ಮಾತಿನ ಅರ್ಥವನ್ನು ವೇಷಧಾರಿಯು ರಂಗದ ಮೇಲೆಯೇ ಕಟ್ಟುವನು. ಪ್ರತಿ ಪದ್ಯದ ನೆತ್ತಿಯಲ್ಲಿ ರಾಗತಾಳಗಳ ಹೆಸರು, ಅಲ್ಲಲ್ಲಿ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಂಬ ಸೂಚನೆ. ಇದಿಷ್ಟು ಕವಿ ಕೊಟ್ಟದ್ದು. ಆದರೆ ಇಡೀ ರಾತ್ರಿಯ ಆಟವು ಇದರಿಂದ ಮಾತ್ರ ನಡೆಯುವುದಲ್ಲ. ಯಾವ ಪದ್ಯವನ್ನು ಬಿಡಬೇಕು, ಯಾವುದನ್ನು ಎತ್ತರದ ಶ್ರುತಿಯಲ್ಲಿ ತೆಗೆಯಬೇಕು, ಒಡ್ಡೋಲಗವನ್ನು ಎಲ್ಲಿ ಕೊಡಬೇಕು, ಬರೆದ ತಾಳವನ್ನು ಬಿಟ್ಟು ಬೇರೆ ತಾಳದಲ್ಲಿ ಯಾವುದು ರಂಗಕ್ಕೆ ಒದಗುವುದು ಎಂಬುದೆಲ್ಲವೂ ಪ್ರಸಂಗದ ನಡೆ. ಭಾಗವತನು ಅದನ್ನು ಗುರುವಿನ ಬಾಯಿಂದ ಕಲಿತು, ನೆನಪಿಗೆಂದು ಪದ್ಯದ ಮಗ್ಗುಲಲ್ಲಿ ಒಂದು ಗೆರೆಯನ್ನೋ, ಚುಕ್ಕೆಯನ್ನೋ, ಅರ್ಧ ಪದವನ್ನೋ ಗುರುತು ಹಾಕಿಕೊಳ್ಳುತ್ತಿದ್ದನು. ಮಂದಾರ್ತಿ, ಮಾರಣಕಟ್ಟೆ, ಕೋಟದ ಅಮೃತೇಶ್ವರಿ, ಸಾಲಿಗ್ರಾಮ ಮುಂತಾದ ಮೇಳಗಳ ಬಡಗುತಿಟ್ಟಿನ ಸಂಪ್ರದಾಯಕ್ಕೆ ಲಿಖಿತರೂಪದ ವಿಮರ್ಶೆಯೆಂಬುದು ಹಿಂದೆ ಏನಾದರೂ ಇದ್ದಿದ್ದರೆ ಅದು ಈ ಗುರುತುಗಳೇ ಎಂದು ನನ್ನ ಅಭಿಪ್ರಾಯ. ಗುರುತು ಹಾಕಿದವನಿಗೆ ಅದು ತಿಳಿಯುತ್ತಿದ್ದಿತು, ಅವನ ಶಿಷ್ಯನಿಗೂ ತಿಳಿಯುತ್ತಿದ್ದಿತು. ಮೂರನೆಯವನು ಪ್ರತಿ ಮಾಡಿಕೊಳ್ಳಲು ಕುಳಿತಾಗ ಪದ್ಯವನ್ನು ಮಾತ್ರ ಇಳಿಸಿಕೊಂಡು ಗೆರೆಚುಕ್ಕೆಗಳನ್ನು ಕೈಬಿಡುತ್ತಿದ್ದನು. ಅವನದೇನು ತಪ್ಪು? ಪ್ರತೀಕವಿಲ್ಲದ, ಹೆಸರಿಲ್ಲದ ಗುರುತನ್ನು ಯಾವ ಪದಕ್ಕೆಂದು, ಯಾರದೆಂದು ಬರೆಯಬೇಕು?

ಮುದ್ರಣವು ಬಂದ ಮೇಲೆ ಈ ನಷ್ಟವು ಸಂಪೂರ್ಣವಾಯಿತು. 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಮುದ್ರಣಾಲಯವು ಮೊದಲು ಬಳಸಿದುದು ಕಲ್ಲಚ್ಚನ್ನು. ಕೈಬರೆಹವನ್ನೇ ಕಲ್ಲಿಗಿಳಿಸುವ ಆ ವಿಧಾನದಲ್ಲಿ ಮನಸ್ಸು ಮಾಡಿದ್ದರೆ ಅಂಚಿನ ಗುರುತನ್ನೂ ಅಚ್ಚೊತ್ತಬಹುದಾಗಿದ್ದಿತು. ಮೊಳೆ ಜೋಡಿಸುವ ಪದ್ಧತಿಗೆ ಅದು ಸುಲಭವಾಗಿರಲಿಲ್ಲ. ಉಡುಪಿಯ ಪಾವಂಜೆ ಗುರುರಾಯರಂತಹ ಪ್ರಕಾಶಕರು ಪ್ರಸಂಗಗಳನ್ನು ಸುಲಭ ಬೆಲೆಯ ಪುಸ್ತಕಗಳನ್ನಾಗಿ ಮಾಡಿ ಹಳ್ಳಿಹಳ್ಳಿಗೆ ತಲಪಿಸಿದುದು ಸಾಮಾನ್ಯ ಉಪಕಾರವಲ್ಲ. ಆದರೆ ಅಚ್ಚಿನ ಪುಸ್ತಕ ಕೈಗೆ ಬಂದೊಡನೆ ಓಲೆಯ ಕಟ್ಟು ಅಟ್ಟಕ್ಕೇರಿತು, ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಯಿತು. ಕೋಟದವರಾದ ಶಿವರಾಮ ಕಾರಂತರು 1957ರಲ್ಲಿ ಪ್ರಕಟವಾದ 'ಯಕ್ಷಗಾನ ಬಯಲಾಟ'ಕ್ಕಾಗಿ ಹಳೆಯ ಪ್ರಸಂಗಗಳನ್ನು ಶೋಧಿಸಿ, ಅವುಗಳಲ್ಲಿ ಬರುವ ರಾಗಗಳನ್ನು ಕಲೆಹಾಕಿದರು. ಹೆಸರು ಉಳಿದು ಹಾಡುವ ಬಗೆ ಮರೆತುಹೋದ ರಾಗಗಳ ವಿಚಾರದಲ್ಲಿ ಅವರು ತಳೆದಿದ್ದ ಕಳವಳವು ಸುಪ್ರಸಿದ್ಧ. ರಾಗದ ಹೆಸರು ಪದ್ಯದ ನೆತ್ತಿಯ ಮೇಲಿದ್ದುದರಿಂದ ಪ್ರತಿಯಿಂದ ಪ್ರತಿಗೆ ಬಂದಿತು. ಅದನ್ನು ಹಾಡುವ ಬಗೆಯು ಕೊರಳಿನಲ್ಲಿ ಇದ್ದುದರಿಂದ ಬರಲಿಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಕೆಲಕಾಲ ಕುಂದಾಪುರದಲ್ಲಿ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಎಂದರೆ ಮುದ್ದಣ, ತಾವೇ ಬರೆದ ಅದ್ಭುತ ರಾಮಾಯಣವನ್ನು ಯಾರೋ ಪೂರ್ವಕವಿಯ ಹಳೆಯ ಪ್ರತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಅದು ಹಾಗೆಯೇ ಅಚ್ಚಾಯಿತು. ಪ್ರತಿಯ ಮೇಲೆ ಪ್ರತಿಯಾಗುವ ಲೋಕದಲ್ಲಿ ಬರೆದವನ ಹೆಸರು ಎಷ್ಟು ಸುಲಭವಾಗಿ ಮರೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ರಸವತ್ತಾದ ನಿದರ್ಶನ ದೊರೆಯದು. ಅಲ್ಲಿ ಕವಿಯು ಬೇಕೆಂದೇ ಮರೆಯಾದನು. ಅಂಚಿನ ಟಿಪ್ಪಣಿಕಾರರು ಬೇಡವೆಂದರೂ ಮರೆಯಾದರು.

ಈಗ ಪ್ರಸಂಗಗಳು ಗಣಕಯಂತ್ರದ ಕಡತಗಳಾಗಿವೆ. ಹಳೆಯ ಪ್ರತಿಗಳನ್ನು ಸ್ಕ್ಯಾನ್ ಮಾಡುವವರು, ಬೆರಳಚ್ಚಿಸುವವರು, ಬೆರಳಚ್ಚಾದುದನ್ನು ಬಲ್ಲ ಭಾಗವತರಿಗೂ ಅರ್ಥಧಾರಿಗಳಿಗೂ ಕಳುಹಿಸಿ ಅವರಿಂದ ತಿದ್ದಿಸುವವರು ನಮ್ಮಲ್ಲಿ ಹೆಚ್ಚುತ್ತಿರುವುದು ಸಂತೋಷದ ವಿಷಯ. ಒಂದೇ ಕಡತವು ಇಬ್ಬರಿಗೆ ಹೋಗಿ, ಎರಡು ಬಗೆಯ ಟಿಪ್ಪಣಿಗಳನ್ನು ಹೊತ್ತು ಹಿಂದಿರುಗಿದಾಗ ಅವನ್ನು ಒಂದು ಪ್ರತಿಯಲ್ಲಿ ಕೂಡಿಸುವುದು ಹೇಗೆಂಬುದು ಸಂಪಾದಕನ ಚಿಂತೆ; ಹಳೆಯ ಲಿಪಿಕಾರನ ಪೇಚೇ ಹೊಸ ವೇಷದಲ್ಲಿ ಬಂದು ನಿಂತಿದೆ. ವರ್ಡ್ ಕಡತದಲ್ಲಿ ಟಿಪ್ಪಣಿಗಳು ಮೂಲದ ಒಳಗಿರದೆ ಬೇರೊಂದು ಭಾಗದಲ್ಲಿ ಸಂಗ್ರಹವಾಗಿರುತ್ತವೆ. ಮೂಲದಲ್ಲಿ ಟಿಪ್ಪಣಿಯ ಆರಂಭ ಮತ್ತು ಅಂತ್ಯವನ್ನು ತೋರಿಸುವ ಕಾಣದ ಗುರುತುಗಳು ಮಾತ್ರ ಇರುತ್ತವೆ. ಎರಡು ಪ್ರತಿಗಳನ್ನು ಹೋಲಿಸಿ ಕೂಡಿಸುವ ಸಾಧನವು ಅದರಲ್ಲಿಯೇ ಇದ್ದು, ಟಿಪ್ಪಣಿ ಬರೆದವನ ಹೆಸರನ್ನೂ ದಿನಾಂಕವನ್ನೂ ಅದು ಕಾಪಾಡುವುದು; ಇದು ಓಲೆಗರಿಗೆ ಎಂದೂ ಇಲ್ಲದಿದ್ದ ಸೌಲಭ್ಯ. ಪಿಡಿಎಫ್ ಕಡತದ ರೀತಿಯೇ ಬೇರೆ. ಅದರ ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಹೊರತೆಗೆದು ಇನ್ನೊಂದು ಪ್ರತಿಯೊಳಕ್ಕೆ ಇಳಿಸಬಹುದಾದರೂ, ಅವು ನಿಂತಿರುವುದು ಪುಟದ ಸಂಖ್ಯೆ ಮತ್ತು ಪುಟದ ಮೇಲಿನ ಸ್ಥಾನದ ಆಧಾರದ ಮೇಲೆ. ನಡುವೆ ಎರಡು ಪದ್ಯ ಸೇರಿ ಪುಟವು ಕೆಳಕ್ಕೆ ಸರಿದರೆ ಸಾಕು, ಭೀಮನ ಪದ್ಯಕ್ಕೆ ಬರೆದ ಆಕ್ಷೇಪವು ಕೀಚಕನ ಪದ್ಯದ ಮಗ್ಗುಲಲ್ಲಿ ಹೋಗಿ ಕೂರುತ್ತದೆ.

ಇವೆರಡಕ್ಕಿಂತ ಹೆಚ್ಚಿನ ಹಾನಿಯಾಗುವುದು ಯುನಿಕೋಡಿಗೆ ಮುಂಚಿನ ನುಡಿ, ಬರಹ ಎಂಬ ತಂತ್ರಾಂಶಗಳ ಅಕ್ಷರಗಳಲ್ಲಿ ಸಿದ್ಧವಾದ ಹಳೆಯ ಕಡತಗಳನ್ನು ಪರಿವರ್ತಿಸುವಾಗ. ಪಠ್ಯವನ್ನು ಮಾತ್ರ ನಕಲಿಸಿ ಪರಿವರ್ತಕಕ್ಕೆ ಹಾಕಿ ತೆಗೆದುಕೊಂಡರೆ ಪದ್ಯಗಳೆಲ್ಲ ಶುದ್ಧವಾಗಿ ಹೊರಬರುತ್ತವೆ. ಟಿಪ್ಪಣಿಗಳು ಹಿಂದಿನ ಕಡತದಲ್ಲಿಯೇ ಉಳಿದುಬಿಡುತ್ತವೆ. ಅಟ್ಟಕ್ಕೇರಿದ ಓಲೆಯ ಕಟ್ಟಿಗೂ ಹಳೆಯ ಯಂತ್ರದಲ್ಲಿ ಉಳಿದ ಈ ಕಡತಕ್ಕೂ ನಾನು ಅಂತರವನ್ನು ಕಾಣೆ.

ಆದುದರಿಂದ ಪ್ರಸಂಗಪ್ರತಿಗಳನ್ನು ತಿದ್ದುವ ಮಹನೀಯರಲ್ಲಿ ನನ್ನ ವಿನಂತಿಯಿಷ್ಟೆ. ಯಂತ್ರವು ಸ್ಥಾನವನ್ನು ನೆನಪಿಡುವುದೆಂದು ನಂಬದೆ, ಪ್ರತಿಯೊಂದು ಟಿಪ್ಪಣಿಯ ಮೊದಲಿಗೆ ಪದ್ಯದ ಎರಡು ಪದಗಳನ್ನು ಪ್ರತೀಕವಾಗಿ ಬರೆಯಿರಿ, ಕೊನೆಗೆ ನಿಮ್ಮ ಹೆಸರನ್ನು ಬರೆಯಿರಿ; ಆಗ ಕಡತದ ರೂಪ ಎಷ್ಟು ಸಲ ಬದಲಾದರೂ, ಕೊನೆಗೆ ಕಾಗದಕ್ಕೇ ಮರಳಿದರೂ, ನಿಮ್ಮ ಮಾತು ದಾರಿ ತಪ್ಪದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಹಿರಿಯ ಭಾಗವತರ ಕೈಬರೆಹದ ಪುಸ್ತಕಗಳಿದ್ದರೆ, ಅವನ್ನು ಬೈಂಡಿಂಗಿಗೆ ಕೊಡುವ ಮುನ್ನ ಅಂಚನ್ನು ಕತ್ತರಿಸಕೂಡದೆಂದು ಬಾಯಿಬಿಟ್ಟು ಹೇಳಿರಿ. ಫೋಟೋ ತೆಗೆಯುವಾಗ ಪದ್ಯವನ್ನಷ್ಟೇ ಅಲ್ಲದೆ ಹಾಳೆಯ ನಾಲ್ಕು ಅಂಚುಗಳೂ ಕಾಣುವಂತೆ ತೆಗೆಯಿರಿ. ಗುರುತುಗಳ ಅರ್ಥವನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿ, ಅವರ ಹೆಸರಿನೊಡನೆ ಈ ಮಳೆಗಾಲದಲ್ಲಿಯೇ ಬರೆದಿಟ್ಟುಕೊಳ್ಳಿರಿ.