ಹೊಡೆದಾಟದ ಮರುದಿನ

ಒಂದು ಗಿರಣಿಯನ್ನು ಕಲ್ಪಿಸಿಕೊಳ್ಳಿ. ಪಾಳಿ ಬದಲಾಗುವ ಹೊತ್ತು. ಯಂತ್ರವನ್ನು ಒರೆಸದೆ ಹೋದ ಸಣ್ಣ ಮಾತಿಗೆ ಇಬ್ಬರು ಕಾರ್ಮಿಕರು ಕೈ ಕೈ ಮಿಲಾಯಿಸುತ್ತಾರೆ. ಒಬ್ಬನ ತುಟಿ ಒಡೆಯುತ್ತದೆ. ಇನ್ನೊಬ್ಬನಿಗೆ ಆರೋಪಪಟ್ಟಿ, ವಿಚಾರಣೆ, ಕೊನೆಗೆ ವಜಾ ಪತ್ರ. ಹೊಡೆತ ಬಿದ್ದದ್ದು ಕ್ಷಣಮಾತ್ರ. ಆದರೆ ದಿನಸಿ ಅಂಗಡಿಯ ಬಾಕಿಯೂ ಮಕ್ಕಳ ಶಾಲೆಯ ಶುಲ್ಕವೂ ಆ ಪತ್ರದೊಡನೆಯೇ ಮನೆಯೊಳಗೆ ಬಂದು ಕೂರುತ್ತವೆ. ಅವನು ಹೊಡೆದದ್ದು ನಿಜವೇ ಇರಬಹುದು. ಆದರೆ ಆ ತಪ್ಪಿಗೆ ಇಷ್ಟು ಶಿಕ್ಷೆ ತಕ್ಕುದೇ ಎಂದು ತೂಗಿ ನೋಡುವವರು ಯಾರು? ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದು ಸ್ವಾತಂತ್ರ್ಯ ಬಂದು 24 ವರ್ಷಗಳ ಬಳಿಕ.

1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪುಗೊಂಡ ಮಾದರಿ ನಿಯಮಗಳು ಕೆಲಸದ ವೇಳೆಯ ದಾಂಧಲೆಯನ್ನು ದುರ್ನಡತೆಯೆಂದು ಹೆಸರಿಸಿದವು. ಶಿಕ್ಷೆ ವಿಧಿಸುವಾಗ ತಪ್ಪಿನ ಗಂಭೀರತೆಯನ್ನೂ ಹಿಂದಿನ ನಡತೆಯನ್ನೂ ಗಮನಿಸಬೇಕೆಂದೂ ಹೇಳಿದವು. ಆದರೆ ಗಮನಿಸಬೇಕಾದವನು ಮಾಲೀಕನೇ! 1947ರ ಕೈಗಾರಿಕಾ ವಿವಾದಗಳ ಕಾಯ್ದೆ ನ್ಯಾಯಮಂಡಳಿಗಳನ್ನು ತಂದಿತು, ನಿಜ. ಆದರೆ 1958ರ ವರದಿಗಳಲ್ಲಿ ಪ್ರಕಟವಾದ ಇಂಡಿಯನ್ ಐರನ್ ಅಂಡ್ ಸ್ಟೀಲ್ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅವುಗಳ ಸುತ್ತ ಗೆರೆ ಎಳೆಯಿತು. ಮಾಲೀಕನಲ್ಲಿ ಸದ್ಭಾವನೆ ಇಲ್ಲದಿದ್ದರೆ, ಹಗೆ ಸಾಧಿಸಿದ್ದರೆ, ವಿಚಾರಣೆಯಲ್ಲಿ ಸಹಜ ನ್ಯಾಯ ತಪ್ಪಿದ್ದರೆ, ತೀರ್ಮಾನಕ್ಕೆ ಆಧಾರವೇ ಇಲ್ಲದಿದ್ದರೆ ಮಾತ್ರ ಮಂಡಳಿ ಕೈಹಾಕಬಹುದು. ಶಿಕ್ಷೆ ತುಸು ಅತಿಯಾಯಿತೆಂದು ಅನಿಸಿದ ಮಾತ್ರಕ್ಕೆ ಅದನ್ನು ತಗ್ಗಿಸುವಂತಿರಲಿಲ್ಲ.

ಇನ್ನೊಂದು ತೊಡಕಿತ್ತು. ಕಾರ್ಮಿಕ ಸಂಘವಾಗಲಿ ಗಣನೀಯ ಸಂಖ್ಯೆಯ ಸಹೋದ್ಯೋಗಿಗಳಾಗಲಿ ಬೆನ್ನಿಗೆ ನಿಲ್ಲದಿದ್ದರೆ ಒಬ್ಬನ ವಜಾ ‘ಕೈಗಾರಿಕಾ ವಿವಾದ’ವೇ ಆಗುತ್ತಿರಲಿಲ್ಲ. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಸಂಘದವರಾಗಿದ್ದರೆ ಸಂಘ ಯಾರ ಪರ ನಿಲ್ಲಬೇಕು? ಎಷ್ಟೋ ಸಲ ಮೌನವೇ ಸುಲಭದ ದಾರಿಯಾಗಿದ್ದೀತು. 1965ರ ತಿದ್ದುಪಡಿ ಒಂಟಿ ಕಾರ್ಮಿಕನ ವಜಾವನ್ನೂ ವಿವಾದವೆಂದು ಪರಿಗಣಿಸಿ ಈ ತೊಡಕನ್ನು ನೀಗಿತು.

ಮುಖ್ಯ ಬದಲಾವಣೆ ಬಂದದ್ದು 1971ರ ಡಿಸೆಂಬರ್ 15ರಂದು. ಅಂದು ಜಾರಿಗೆ ಬಂದ 11ಎ ಕಲಮು, ವಜಾ ಸಮರ್ಥನೀಯವಲ್ಲವೆಂದು ಕಂಡರೆ ಅದನ್ನು ರದ್ದುಗೊಳಿಸುವ, ಬದಲಿಗೆ ಕಡಿಮೆ ಶಿಕ್ಷೆ ವಿಧಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೂ ನ್ಯಾಯಮಂಡಳಿಗೂ ಕೊಟ್ಟಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1963ರ ಶಿಫಾರಸು ಇದಕ್ಕೆ ಪ್ರೇರಣೆಯಾಗಿತ್ತು. 1973ರಲ್ಲಿ ಫೈರ್‌ಸ್ಟೋನ್ ಟೈರ್ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅಧಿಕಾರವನ್ನು ವಿವರಿಸುತ್ತಾ, ಆ ದಿನಾಂಕಕ್ಕೆ ಮೊದಲೇ ಒಪ್ಪಿಸಲಾದ ವಿವಾದಗಳಿಗೆ ಇದು ಅನ್ವಯಿಸದೆಂದು ಹೇಳಿತು. ಡಿಸೆಂಬರ್ 14ರಂದು ಕಡತ ರವಾನೆಯಾದವನ ಪಾಡನ್ನು ಯೋಚಿಸಿ. ಅದೇ ತಪ್ಪು, ಅದೇ ಶಿಕ್ಷೆ, ಆದರೆ ಬಾಗಿಲು ಅರ್ಧ ಮುಚ್ಚಿದೆ. ಕಾನೂನಿಗೆ ಎಲ್ಲೋ ಒಂದು ಗಡಿ ಬೇಕೇ ಬೇಕು ಎಂಬುದನ್ನು ಬಲ್ಲೆ. ಆದರೂ ಈ ಸಾಲನ್ನು ಓದುವಾಗಲೆಲ್ಲ ನನ್ನ ಮನಸ್ಸು ಅಲ್ಲೇ ತಡೆಯುತ್ತದೆ.

ಉಭಯ ಪಕ್ಷಗಳೂ ಒಪ್ಪಿ ಆರಿಸಿಕೊಂಡ ಮಧ್ಯಸ್ಥಗಾರನಿಗೂ ಈ ಅಧಿಕಾರ ಉಂಟೇ? ಉಂಟೆಂದು 1979ರಲ್ಲಿ ಗುಜರಾತ್ ಸ್ಟೀಲ್ ಟ್ಯೂಬ್ಸ್ ಮೊಕದ್ದಮೆಯ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದರು.

ಹಾಗೆಂದು ಕೈಮಾಡಿದವರಿಗೆಲ್ಲ ಕೆಲಸ ಮರಳಿ ಸಿಕ್ಕಿತೆಂದು ತಿಳಿಯಬೇಡಿ. 1982ರಲ್ಲಿ ಉತ್ತರ ಪ್ರದೇಶದ ಕಾರ್ಮಿಕನೊಬ್ಬನ ಒರಟು ಮಾತಿಗೆ ವಜಾ ಅತಿಯಾಯಿತೆಂದ ಸರ್ವೋಚ್ಚ ನ್ಯಾಯಾಲಯವೇ, 2005ರಲ್ಲಿ ಮಹೀಂದ್ರ ಕಂಪನಿಯ ಮೊಕದ್ದಮೆಯಲ್ಲಿ, ಮೇಲಧಿಕಾರಿಯನ್ನು ಇತರರೆದುರು ಅವಾಚ್ಯವಾಗಿ ಬೈದವನ ವಜಾವನ್ನು ಎತ್ತಿಹಿಡಿಯಿತು. ಮೊದಲನೆಯವನ ಪರವಾಗಿ ವರ್ಷಾನುಗಟ್ಟಲೆಯ ಕಳಂಕರಹಿತ ಸೇವೆ ಮಾತನಾಡಿತ್ತು.

2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು 1947ರ ಕಾಯ್ದೆ ತೆರೆಮರೆಗೆ ಸರಿಯಿತು. ಶಿಕ್ಷೆಯನ್ನು ತೂಗುವ ಅಧಿಕಾರ ಹೊಸ ನ್ಯಾಯಮಂಡಳಿಗಳಿಗೂ ಉಳಿದಿದೆ. ಆದರೆ ವಜಾಗೊಂಡವನು ಅವುಗಳ ಬಾಗಿಲು ತಟ್ಟಲು ಇದ್ದ 3 ವರ್ಷಗಳ ಅವಧಿ ಈಗ 2 ವರ್ಷಗಳಿಗೆ ಇಳಿದಿದೆ.